ಬೆಳಿಗ್ಗೆ ಏಳುವಾಗ ಬೆನ್ನುನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಮಲಗುವಾಗ ಏನೂ ಇರುವುದಿಲ್ಲ. ಬೆಳಿಗ್ಗೆ ಎದ್ದು ನಿಲ್ಲುವಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತದೆ, ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗಬೇಕು, ತಿಂಡಿ ಹೊತ್ತಿಗೆ ಎಲ್ಲ ಸರಿ. ಮರುದಿನ ಮತ್ತೆ ಅದೇ. ಇಂಥ ನೋವಿನ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಎರಡು ವಿಷಯ ನೆನಪಿಟ್ಟುಕೊಳ್ಳಿ. ಎದ್ದ ಮೊದಲ ಒಂದು ಗಂಟೆ ಬೆನ್ನು ಬಗ್ಗಿಸುವ ಕೆಲಸ ಬೇಡ. ಮತ್ತೆ, ಎದ್ದ ಮೇಲೆ ಬೆನ್ನು ಸಡಿಲವಾಗಲು ಎಷ್ಟು ಹೊತ್ತು ಬೇಕಾಯಿತು ಅಂತ ಗಡಿಯಾರ ನೋಡಿಕೊಳ್ಳಿ.

ರಾತ್ರಿಯೆಲ್ಲ ಮಲಗಿ ಸುಧಾರಿಸಿಕೊಂಡ ಬೆನ್ನು ಬೆಳಿಗ್ಗೆಯೇ ಯಾಕೆ ನೋಯುತ್ತದೆ?

ಬೆನ್ನಿನ ಮೂಳೆಗಳು ಒಂದರ ಮೇಲೊಂದು ಕೂತಿವೆ, ನಡುನಡುವೆ ಮೆತ್ತಗಿನ ಡಿಸ್ಕ್‌ಗಳಿವೆ. ದೊಡ್ಡವರಲ್ಲಿ ಈ ಡಿಸ್ಕ್‌ನ ಒಳಭಾಗಕ್ಕೆ ರಕ್ತನಾಳವೇ ಇಲ್ಲ. ಸುತ್ತಲಿನಿಂದ ನೀರನ್ನೂ ಪೋಷಣೆಯನ್ನೂ ಹೀರಿಕೊಂಡೇ ಅದು ಬದುಕಬೇಕು. ಹಗಲು ನಾವು ನಿಂತು, ಕೂತು, ಭಾರ ಎತ್ತುವಾಗ ಅದರೊಳಗಿನ ನೀರು ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ರಾತ್ರಿ ಮಲಗಿದಾಗ ಭಾರ ಇಳಿಯುತ್ತದೆ, ಆ ನೀರು ವಾಪಸ್ ಒಳಗೆ ಬರುತ್ತದೆ. ರಾತ್ರಿ ನೆನೆಹಾಕಿದ ಕಡಲೆಕಾಳು ಬೆಳಿಗ್ಗೆ ಉಬ್ಬಿ ಬಿಗಿಯಾಗಿರುತ್ತದಲ್ಲ, ಹಾಗೆ ಡಿಸ್ಕ್ ಕೂಡ ಬೆಳಿಗ್ಗೆ ತುಂಬಿಕೊಂಡು ಬಿಗಿದಿರುತ್ತದೆ. ಇದರಿಂದಾಗಿ ನಾವೆಲ್ಲ ಬೆಳಿಗ್ಗೆ ಒಂದರಿಂದ ಎರಡು ಸೆಂಟಿಮೀಟರ್ ಎತ್ತರ ಜಾಸ್ತಿ ಇರುತ್ತೇವೆ. ಎದ್ದು ಓಡಾಡಿದ ಮೊದಲ ಒಂದು ಗಂಟೆಯಲ್ಲೇ ಸುಮಾರು ಅರ್ಧದಷ್ಟು ಇಳಿದುಬಿಡುತ್ತದೆ. ಅನುಮಾನ ಇದ್ದವರು ಮನೆಯ ಗೋಡೆಗೆ ಗುರುತು ಹಾಕಿ ಬೆಳಿಗ್ಗೆ, ರಾತ್ರಿ ಅಳೆದು ನೋಡಬಹುದು.

ಇದು ರೋಗವಲ್ಲ, ಎಲ್ಲರಿಗೂ ದಿನವೂ ಆಗುವುದೇ. ಆದರೆ ಬಿಗಿದಿರುವ ಡಿಸ್ಕ್ ಬಗ್ಗಲು ಒಪ್ಪುವುದಿಲ್ಲ. ಮುಂದಕ್ಕೆ ಬಾಗಿದರೆ ಅದರ ಮೇಲೆ ಬೀಳುವ ಒತ್ತಡ ಸಂಜೆಗಿಂತ ಬೆಳಿಗ್ಗೆ ಹಲವು ಪಟ್ಟು ಜಾಸ್ತಿ ಅಂತ 1987ರಲ್ಲೇ ಪ್ರಯೋಗಾಲಯದಲ್ಲಿ ಅಳೆದು ನೋಡಿದ್ದಾರೆ. ಬಾಹ್ಯಾಕಾಶಕ್ಕೆ ಹೋದವರ ಕಥೆಯೂ ಹೀಗೇ ಇದೆ. ಅಲ್ಲಿ ದೇಹದ ಭಾರವೇ ಗೊತ್ತಾಗುವುದಿಲ್ಲವಾದ್ದರಿಂದ ಬೆನ್ನು ಉದ್ದವಾಗುತ್ತದೆ, ಎತ್ತರ ನಾಲ್ಕೈದು ಸೆಂಟಿಮೀಟರ್‌ವರೆಗೂ ಹೆಚ್ಚಬಹುದು, ಮೊದಲ ಕೆಲವು ದಿನ ಬಹಳ ಜನರಿಗೆ ಬೆನ್ನುನೋವು ಕಾಡುತ್ತದೆ.

ಇದರ ಜೊತೆಗೆ ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ. ಏಳೆಂಟು ಗಂಟೆ ಅಲ್ಲಾಡದೆ ಮಲಗಿದ ಸ್ನಾಯು, ಹಳ್ಳ ಬಿದ್ದ ಹಾಸಿಗೆ, ಹಿಂದಿನ ದಿನದ ಜಾಸ್ತಿ ದುಡಿಮೆ, ವಯಸ್ಸಾದಂತೆ ಸವೆದ ಸಣ್ಣ ಕೀಲುಗಳು. ಇವೆಲ್ಲ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುವ ನೋವುಗಳು. ಅರ್ಧ ಗಂಟೆ ದಾಟಿದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ, ಅದನ್ನು ಕೆಳಗೆ ಬರೆದಿದ್ದೇನೆ.

ಎದ್ದ ತಕ್ಷಣ ಬಗ್ಗಬಾರದು ಅಂದರೆ ಮನೆಕೆಲಸ ಯಾರು ಮಾಡುತ್ತಾರೆ?

ನ್ಯಾಯವಾದ ಪ್ರಶ್ನೆ. ನಮ್ಮ ಕಡೆಯ ಬೆಳಗು ಹೇಗಿರುತ್ತದೆ ನೋಡಿ. ಎದ್ದ ಕೂಡಲೇ ಹಾಸಿಗೆ ಸುತ್ತಬೇಕು, ಕಡ್ಡಿ ಪೊರಕೆ ಹಿಡಿದು ಅಂಗಳ ಗುಡಿಸಬೇಕು, ನೀರು ಚಿಮುಕಿಸಿ ರಂಗೋಲಿ ಹಾಕಬೇಕು, ನಲ್ಲಿ ನೀರು ನಿಂತುಹೋಗುವ ಮೊದಲು ಕೊಡ ತುಂಬಿಸಿ ಎತ್ತಿಡಬೇಕು. ಹಳ್ಳಿಯಾದರೆ ಸೆಗಣಿ ಬಾಚುವುದು, ಹಾಲು ಕರೆಯುವುದು ಬೇರೆ. ಒಂದೊಂದೂ ಬೆನ್ನು ಬಗ್ಗಿಸುವ ಕೆಲಸ, ಅಷ್ಟೂ ಬೆನ್ನು ಅತಿ ಬಿಗಿಯಾಗಿರುವ ಆ ಒಂದು ಗಂಟೆಯಲ್ಲೇ ಮುಗಿಯಬೇಕು. ಇದರಲ್ಲಿ ಬಹುಪಾಲು ಹೆಂಗಸರೇ ಮಾಡುತ್ತಾರೆ. ಬೆಳಗಿನ ಸೊಂಟನೋವನ್ನು ‘ವಯಸ್ಸಾಯ್ತು ಬಿಡು’ ಅಂತ ತಳ್ಳಿಹಾಕುವ ಮೊದಲು ಮನೆಯವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಮೆರಿಕದಲ್ಲಿ ಸ್ನೂಕ್ ಅನ್ನುವ ಸಂಶೋಧಕರು ಮತ್ತು ಅವರ ಜೊತೆಗಾರರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಹಳ ಕಾಲದಿಂದ ಸೊಂಟನೋವಿದ್ದವರಿಗೆ ಬೆಳಿಗ್ಗೆ ಎದ್ದ ಮೊದಲ ಎರಡು ಗಂಟೆ ಬೆನ್ನು ಬಗ್ಗಿಸದೆ ಇರುವುದನ್ನು ಕಲಿಸಿದರು. ಇದನ್ನು ಪಾಲಿಸಿದವರಿಗೆ ನೋವಿನ ದಿನಗಳೂ ಕಡಿಮೆಯಾದವು, ನೋವಿನ ತೀವ್ರತೆಯೂ ಇಳಿಯಿತು. ಎಲ್ಲರೂ ಕೊನೆತನಕ ಪಾಲಿಸಲಿಲ್ಲ, ಅಧ್ಯಯನವೂ ದೊಡ್ಡದಲ್ಲ. ಆದರೂ ದುಡ್ಡು ಖರ್ಚಿಲ್ಲದ, ಅಡ್ಡಪರಿಣಾಮ ಇಲ್ಲದ ಉಪಾಯ. ನೋಡಿದರೆ ನಷ್ಟವೇನೂ ಇಲ್ಲ ಅಲ್ವಾ?

ನಾನು ಹೇಳುವುದು ಕೆಲಸ ಬಿಡಿ ಅಂತಲ್ಲ, ಕೆಲಸದ ಸರದಿ ಬದಲಾಯಿಸಿ ಅಂತ. ನಿಂತು ಮಾಡುವ ಕೆಲಸ ಮೊದಲು, ಬಗ್ಗಿ ಮಾಡುವ ಕೆಲಸ ಆಮೇಲೆ. ಹಾಲು ಕಾಯಿಸುವುದು, ಕಾಫಿ ಮಾಡುವುದು, ತರಕಾರಿ ಹೆಚ್ಚುವುದು, ಗಿಡಕ್ಕೆ ಪೈಪಿನಲ್ಲಿ ನೀರು ಬಿಡುವುದು ಇವನ್ನೆಲ್ಲ ನಿಂತೇ ಮಾಡಬಹುದು. ಅಷ್ಟರಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ಕಳೆದಿರುತ್ತದೆ, ಬೆನ್ನು ಸಡಿಲವಾಗಿರುತ್ತದೆ, ಆಗ ಅಂಗಳಕ್ಕೆ ಹೋಗಿ. ಗುಡಿಸಲು ಉದ್ದ ಹಿಡಿಯ ಪೊರಕೆ ತನ್ನಿ, ಒರೆಸಲು ಕೋಲಿರುವ ಮಾಪ್ ತನ್ನಿ. ಮುಂಜಾನೆಯೇ ಕೊಟ್ಟಿಗೆಗೆ ಹೋಗಬೇಕಾದವರಿಗೆ ಹಸು ಕಾಯುವುದಿಲ್ಲ, ನಿಜ. ಅಂಥವರು ಇಪ್ಪತ್ತು ನಿಮಿಷ ಮೊದಲೇ ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಓಡಾಡಿ, ಹುಲ್ಲು ಹಾಕಿ, ಆಮೇಲೆ ಕರೆಯಲು ಕೂರಿ. ಕುಕ್ಕರಗಾಲಿನ ಬದಲು ಒಂದು ಸಣ್ಣ ಸ್ಟೂಲ್ ಇಟ್ಟುಕೊಂಡರೆ ಬೆನ್ನು ಅಷ್ಟೊಂದು ಗುಂಡಾಗುವುದಿಲ್ಲ.

ಇನ್ನೂ ಕೆಲವು ಸಣ್ಣ ವಿಷಯಗಳಿವೆ. ಹಲ್ಲುಜ್ಜುವಾಗ ಬೇಸಿನ್ ಮೇಲೆ ಬಾಗಿಕೊಂಡೇ ನಿಲ್ಲಬೇಡಿ, ನೆಟ್ಟಗೆ ನಿಂತು ಉಜ್ಜಿ, ಉಗುಳುವಾಗ ಒಂದು ಕೈ ಬೇಸಿನ್ ಮೇಲೆ ಊರಿ. ಸ್ನಾನದ ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟರೆ ಒಂದೊಂದು ಚೊಂಬಿಗೂ ಬಗ್ಗುವುದು ತಪ್ಪುತ್ತದೆ. ಕೊಡ ತುಂಬ ತುಂಬಿಸಬೇಡಿ, ಅರ್ಧರ್ಧ ಎರಡು ಸಲ ಒಯ್ಯಿರಿ. ಶೂ, ಸಾಕ್ಸ್ ಹಾಕುವಾಗ ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟುಕೊಳ್ಳಿ. ಇಂಡಿಯನ್ ಟಾಯ್ಲೆಟ್ ತಪ್ಪಿಸಲಾಗದಿದ್ದರೆ ಸ್ವಲ್ಪ ಓಡಾಡಿ ಹೋಗಿ, ಏಳುವಾಗ ಹಿಡಿದುಕೊಳ್ಳಲು ಗೋಡೆಗೊಂದು ಹಿಡಿ ಹಾಕಿಸಿ.

ಮನೆಯಲ್ಲಿ ಕೈಕಾಲು ಗಟ್ಟಿಯಿರುವ ಇನ್ನಿಬ್ಬರಿದ್ದರೆ ಬೆಳಗಿನ ಕಸ, ನೀರು ಅವರ ಪಾಲಿಗೆ ಬರಲಿ. ಮಾತ್ರೆ ನುಂಗುವ ಮೊದಲು ಮಾಡಬೇಕಾದ ಕೆಲಸ ಇದು.

ಹಾಸಿಗೆಯಿಂದ ಹೇಗೆ ಏಳಬೇಕು?

ಅಲಾರಾಂ ಹೊಡೆದ ಕೂಡಲೇ ಅಂಗಾತ ಮಲಗಿದಲ್ಲಿಂದ ಧಡಕ್ಕನೆ ಎದ್ದು ಕೂರಬೇಡಿ. ಮಗ್ಗುಲಾಗಿ ಏಳಬೇಕು ಅಂತ ಮನೆಯ ಹಿರಿಯರು ಹೇಳುವುದು ಇಲ್ಲಿ ಪೂರ್ತಿ ಸರಿ, ಎಡವೋ ಬಲವೋ ಬೆನ್ನಿಗೆ ವ್ಯತ್ಯಾಸವಿಲ್ಲ. ಮೊದಲು ಮಲಗಿದಲ್ಲೇ ಪಾದಗಳನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ. ಎರಡೂ ಮಂಡಿ ಮಡಚಿ, ಜೋಡಿಸಿಕೊಂಡು ನಿಧಾನಕ್ಕೆ ಅತ್ತ ಇತ್ತ ವಾಲಿಸಿ, ತುಂಬ ದೂರ ಬೇಡ. ಆಮೇಲೆ ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ಹೊರಳುವಂತೆ ಮಗ್ಗುಲಾಗಿ. ಕಾಲನ್ನು ಮಂಚದಿಂದ ಕೆಳಗಿಳಿಸುತ್ತ, ಕೈಯನ್ನು ಹಾಸಿಗೆಗೆ ಊರಿ ತಳ್ಳಿಕೊಂಡು ಎದ್ದು ಕೂರಿ. ಅರ್ಧ ನಿಮಿಷ ಹಾಗೇ ಕೂತು ಆಮೇಲೆ ನಿಲ್ಲಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಆ ಅರ್ಧ ನಿಮಿಷ ತಲೆಸುತ್ತು ತಪ್ಪಿಸಲಿಕ್ಕೂ ಬೇಕು.

ನೆಲದಲ್ಲಿ ಮಲಗುವವರು ಮಗ್ಗುಲಾಗಿ, ಅಲ್ಲಿಂದ ಎರಡೂ ಕೈ, ಎರಡೂ ಮಂಡಿ ಊರಿ, ಒಂದು ಪಾದ ಮುಂದಿಟ್ಟು, ಪಕ್ಕದ ಕುರ್ಚಿಗೆ ಕೈಕೊಟ್ಟು ಏಳಬೇಕು.

ಬೆನ್ನುನೋವಿಗೆ ಚಾಪೆ ಹಾಸಿ ನೆಲದ ಮೇಲೆ ಮಲಗುವುದೇ ಒಳ್ಳೆಯದಂತೆ, ಹೌದಾ?

ಇದನ್ನು ಎಲ್ಲರೂ ಹೇಳುತ್ತಾರೆ, ಡಾಕ್ಟರುಗಳೂ ಹಿಂದೆಲ್ಲ ಹೇಳುತ್ತಿದ್ದರು. ಆದರೆ ಪರೀಕ್ಷಿಸಿ ನೋಡಿದಾಗ ಹಾಗೆ ಬರಲಿಲ್ಲ. ಸ್ಪೇನ್‌ನಲ್ಲಿ ಬಹಳ ದಿನದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ನೋಡಿದರು. 2003ರಲ್ಲಿ ಫಲಿತಾಂಶ ಬಂತು. ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಹಾಸಿಗೆಯವರಿಗೇ ನೋವು ಚೆನ್ನಾಗಿ ಇಳಿದಿತ್ತು, ಏಳುವಾಗಿನ ನೋವೂ ಸೇರಿ.

ಅಂದರೆ ತೀರಾ ಗಟ್ಟಿ ನೆಲವೂ ಬೇಡ, ಮಲಗಿದರೆ ಮುಳುಗಿಹೋಗುವ ಫೋಮೂ ಬೇಡ. ಚಾಪೆಯಲ್ಲಿ ಮಲಗಿ ಚೆನ್ನಾಗಿ ಏಳುತ್ತಿರುವವರು ಅದನ್ನೇ ಮುಂದುವರಿಸಲಿ, ಸುಮ್ನೆ ಬದಲಾಯಿಸಬೇಕಾಗಿಲ್ಲ. ನೋವಿದ್ದವರು ಚಾಪೆಯ ಮೇಲೆ ಒಂದು ಹತ್ತಿ ಹಾಸಿಗೆಯೋ ಎರಡು ಮಡಿಕೆ ಕೌದಿಯೋ ಹಾಕಿ ನೋಡಿ. ಹತ್ತಿ ಹಾಸಿಗೆ ಗಂಟುಗಂಟಾಗಿದ್ದರೆ ಬಿಚ್ಚಿಸಿ ಹತ್ತಿ ಹಿಂಜಿಸಿ. ನಡುವೆ ಜೋತುಬಿದ್ದ ಹಗ್ಗದ ಮಂಚ, ನವಾರದ ಮಂಚ ಬಿಗಿ ಮಾಡಿಸಿ, ಇಲ್ಲದಿದ್ದರೆ ರಾತ್ರಿಯೆಲ್ಲ ಸೊಂಟ ತೊಟ್ಟಿಲಲ್ಲಿ ಬಿದ್ದಂತೆಯೇ ಇರುತ್ತದೆ.

ಹಾಸಿಗೆಯದೇ ತಪ್ಪಾ ಅಂತ ತಿಳಿಯಲು ಒಂದು ಸುಲಭ ಗುರುತು ಇದೆ. ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಬೇರೆ ಹಾಸಿಗೆಯಲ್ಲಿ ಮಲಗಿದ ದಿನಗಳಲ್ಲಿ ನೋವಿಲ್ಲದೆ ಏಳುತ್ತೀರಾ? ಹಾಗಿದ್ದರೆ ಹಾಸಿಗೆ ಬದಲಾಯಿಸಲು ದುಡ್ಡು ಹಾಕಬಹುದು. ಎಲ್ಲಿ ಮಲಗಿದರೂ ಅಷ್ಟೇ ನೋವು ಅಂದರೆ ‘ಆರ್ಥೋಪೆಡಿಕ್’ ಅಂತ ಬರೆದ ದುಬಾರಿ ಹಾಸಿಗೆಗೆ ದುಡ್ಡು ಸುರಿಯಬೇಡಿ.

ಯಾವ ಭಂಗಿಯಲ್ಲಿ ಮಲಗಬೇಕು?

ಮಗ್ಗುಲಾಗಿ ಮಲಗುವವರು ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ. ಅಂಗಾತ ಮಲಗುವವರು ಮಂಡಿಯ ಕೆಳಗೆ ಇಟ್ಟುಕೊಳ್ಳಿ. ಬೋರಲು ಮಲಗಿದರೆ ಸೊಂಟ ಒಳಕ್ಕೆ ಬಾಗುತ್ತದೆ, ಕುತ್ತಿಗೆ ಒಂದೇ ಕಡೆ ತಿರುಗಿರುತ್ತದೆ, ಆದ್ದರಿಂದ ಬಿಡುವುದು ಒಳ್ಳೆಯದು. ಅದಿಲ್ಲದೆ ನಿದ್ದೆಯೇ ಬರುವುದಿಲ್ಲ ಅನ್ನುವವರು ಹೊಟ್ಟೆಯ ಕೆಳಗೆ ತೆಳ್ಳಗಿನ ದಿಂಬು ಇಟ್ಟು ನೋಡಿ. ರಾತ್ರಿ ಹೊರಳಾಡುವುದು ಒಳ್ಳೆಯದೇ, ಒಂದೇ ಭಂಗಿಯಲ್ಲಿ ಇರಬೇಕು ಅಂತ ಹಟ ಬೇಡ.

ಬೆಳಿಗ್ಗೆ ಎದ್ದು ಸೂರ್ಯನಮಸ್ಕಾರ ಮಾಡುತ್ತೇನೆ. ನೋವು ಜಾಸ್ತಿಯಾಗುತ್ತಿದೆ, ನಿಲ್ಲಿಸಬೇಕಾ?

ಪೂರ್ತಿ ನಿಲ್ಲಿಸಬೇಡಿ, ಹೊತ್ತು ಬದಲಾಯಿಸಿ. ಸೂರ್ಯನಮಸ್ಕಾರದಲ್ಲಿ ನಿಂತಲ್ಲಿಂದ ಬಾಗಿ ಕೈಯನ್ನು ಪಾದದ ಪಕ್ಕ ಊರುವ ಭಂಗಿ ಬರುತ್ತದೆ. ಒಂದು ಸುತ್ತಿಗೆ ಎರಡು ಸಲ, ಹನ್ನೆರಡು ಸುತ್ತಿಗೆ ಇಪ್ಪತ್ನಾಲ್ಕು ಸಲ. ಎದ್ದ ಹತ್ತೇ ನಿಮಿಷಕ್ಕೆ ಮಂಡಿ ನೆಟ್ಟಗಿಟ್ಟು ಇಷ್ಟು ಸಲ ಬಾಗುವುದು, ಅದೂ ನೋವಿರುವ ಬೆನ್ನಿಗೆ, ಸರಿಯಲ್ಲ. ಪಶ್ಚಿಮೋತ್ತಾನಾಸನ, ಹಲಾಸನಕ್ಕೂ ಇದೇ ಮಾತು. ಇವನ್ನು ಸಂಜೆಗೆ ಇಟ್ಟುಕೊಳ್ಳಿ ಅಥವಾ ಎದ್ದು ಒಂದೆರಡು ಗಂಟೆ ಆದ ಮೇಲೆ ಮಾಡಿ. ಬೆಳಿಗ್ಗೆಯೇ ಮಾಡಬೇಕು ಅಂದರೆ ಮೊದಲು ಇಪ್ಪತ್ತು ಮೂವತ್ತು ನಿಮಿಷ ನಡೆಯಿರಿ, ಬಾಗುವಾಗ ಮಂಡಿ ಸ್ವಲ್ಪ ಮಡಚಿ.

ಎದ್ದ ಕೂಡಲೇ ಮಾಡಲು ಹಿತವಾದವೂ ಇವೆ. ಮಾರ್ಜಾಲಾಸನದಲ್ಲಿ ಬೆನ್ನನ್ನು ನಿಧಾನವಾಗಿ, ಸ್ವಲ್ಪವೇ ಮೇಲೆ ಕೆಳಗೆ ಆಡಿಸುವುದು. ಮಲಗಿ ಮಂಡಿ ಮಡಚಿ ಸೊಂಟ ಎತ್ತುವ ಸೇತುಬಂಧ. ಮೊಣಕೈ ಊರಿ ಎದೆ ಎತ್ತುವ ಸಣ್ಣ ಭುಜಂಗಾಸನ. ಆದರೆ ಹಿಂದಕ್ಕೆ ಬಾಗಿದರೆ ಕಾಲಿಗೆ ನೋವು ಇಳಿಯುವವರು, ಸ್ವಲ್ಪ ದೂರ ನಡೆದರೆ ಕಾಲು ಭಾರವಾಗಿ ಕೂರಬೇಕೆನಿಸುವ ಹಿರಿಯರು ಭುಜಂಗಾಸನ ಬಿಡಲಿ.

ಎದ್ದು ಓಡಾಡಿದರೆ ನೋವು ಹೋಗುತ್ತದೆ. ಹಾಗಾದರೆ ಚಿಂತೆ ಇಲ್ಲ ಅಲ್ವಾ?

ಅರ್ಧ ಗಂಟೆಯೊಳಗೆ ಹೋದರೆ ಹೆಚ್ಚಿನವರಿಗೆ ಚಿಂತೆ ಇಲ್ಲ. ಆದರೆ ಈ ಪ್ರಶ್ನೆ ಕೇಳಿದವರು ಇಪ್ಪತ್ತು ಮೂವತ್ತರ ಹರೆಯದವರಾಗಿದ್ದರೆ ಮುಂದಿನದನ್ನು ದಯವಿಟ್ಟು ಪೂರ್ತಿ ಓದಿ.

ಬೆನ್ನುನೋವಿನಲ್ಲಿ ಇನ್ನೊಂದು ಜಾತಿ ಇದೆ. ಅದರಲ್ಲಿ ಸವೆತವೂ ಅಲ್ಲ, ಉಳುಕೂ ಅಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಬೆನ್ನಿನ ಮತ್ತು ಸೊಂಟದ ಕೀಲುಗಳ ಮೇಲೆ ತಿರುಗಿಬಿದ್ದು ಉರಿಯೂತ ಎಬ್ಬಿಸುತ್ತದೆ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುವುದು ಇದೇ. ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ, ಕೆಲವರಿಗೆ ಎರಡು ಮೂರು ಗಂಟೆ, ಬೆನ್ನು ಮರಗಟ್ಟಿದಂತಿರುತ್ತದೆ. ರಾತ್ರಿಯ ಎರಡನೇ ಅರ್ಧದಲ್ಲಿ, ಅಂದರೆ ಎರಡು ಮೂರು ಗಂಟೆ ಹೊತ್ತಿಗೆ ನೋವಿಗೆ ಎಚ್ಚರವಾಗುತ್ತದೆ, ಎದ್ದು ಓಡಾಡಿದರೆ ಕಡಿಮೆ ಅನಿಸುತ್ತದೆ. ವಿಶ್ರಾಂತಿ ತೆಗೆದುಕೊಂಡಷ್ಟೂ ಕೆಡುತ್ತದೆ, ಕೆಲಸ ಮಾಡಿದಷ್ಟೂ ಹಗುರ. ನಿಧಾನಕ್ಕೆ ಶುರುವಾಗಿ ಮೂರು ತಿಂಗಳು ದಾಟಿರುತ್ತದೆ. ಸಾಮಾನ್ಯವಾಗಿ 45 ವರ್ಷದೊಳಗೇ ಶುರುವಾಗುತ್ತದೆ. ನೋವು ಪೃಷ್ಠದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರಬಹುದು.

ಬೆನ್ನಿಗೆ ಸಂಬಂಧವೇ ಇಲ್ಲ ಅನಿಸುವ ಗುರುತುಗಳೂ ಇವೆ. ಒಂದು ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಿರುವುದು. ಹಿಮ್ಮಡಿ ನೋವು. ಚರ್ಮದ ಮೇಲೆ ಹೊಟ್ಟು ಏಳುವ ಸೋರಿಯಾಸಿಸ್. ತಿಂಗಳುಗಟ್ಟಲೆ ಭೇದಿ, ಅದರಲ್ಲಿ ರಕ್ತ. ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಇದೇ ಕಾಯಿಲೆ. ಇವನ್ನೆಲ್ಲ ಕಣ್ಣಿನ ಡಾಕ್ಟರಿಗೆ ಒಂದು, ಚರ್ಮದ ಡಾಕ್ಟರಿಗೆ ಒಂದು ಅಂತ ಬೇರೆ ಬೇರೆಯಾಗಿ ತೋರಿಸುತ್ತೇವೆ, ಒಟ್ಟುಗೂಡಿಸಿ ನೋಡುವವರು ಸಿಗುವುದಿಲ್ಲ. ಅದಕ್ಕೇ ಈ ಕಾಯಿಲೆ ಗೊತ್ತಾಗಲು ಬೇರೆ ಬೇರೆ ದೇಶಗಳಲ್ಲಿ ಸರಾಸರಿ ಆರೇಳು ವರ್ಷ ಹಿಡಿಯುತ್ತಿದೆ. ಅಷ್ಟು ವರ್ಷ ಹುಡುಗರಿಗೆ ‘ಬೈಕ್ ಓಡಿಸೋದು ಕಡಿಮೆ ಮಾಡು, ಕಂಪ್ಯೂಟರ್ ಮುಂದೆ ಕೂರಬೇಡ’ ಅಂತಲೇ ಬುದ್ಧಿ ಹೇಳಿರುತ್ತಾರೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಕೆಲವರಲ್ಲಿ ಬೆನ್ನಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಬೆನ್ನು ಮುಂದಕ್ಕೆ ಬಾಗಿದಂತೆಯೇ ನಿಂತುಬಿಡುತ್ತದೆ. ಹಾಗಾದ ಮೇಲೆ ಹಿಂದೆ ತರುವುದು ಕಷ್ಟ.

ಇದಕ್ಕೂ ಎಕ್ಸ್‌ರೇ ರಿಪೋರ್ಟಿನಲ್ಲಿ ಬರೆಯುವ ಸ್ಪಾಂಡಿಲೋಸಿಸ್‌ಗೂ ಸಂಬಂಧವಿಲ್ಲ. ಅದು ವಯಸ್ಸಿನ ಸವೆತ, ಇದು ಹರೆಯದಲ್ಲಿ ಬರುವ ಉರಿಯೂತ.

ಅದಕ್ಕೆ ಯಾವ ಡಾಕ್ಟರು, ಯಾವ ಪರೀಕ್ಷೆ?

ರುಮಟಾಲಜಿಸ್ಟ್, ಅಂದರೆ ಸಂಧಿವಾತದ ತಜ್ಞರು. ಹತ್ತಿರದಲ್ಲಿ ಇಲ್ಲದಿದ್ದರೆ ಮೊದಲು ಎಂಡಿ ಮೆಡಿಸಿನ್ ಡಾಕ್ಟರಿಗೆ ತೋರಿಸಿ, ಮೇಲಿನ ಗುರುತುಗಳನ್ನು ನೀವೇ ಬಾಯಿಬಿಟ್ಟು ಹೇಳಿ. ರಕ್ತದಲ್ಲಿ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ನೋಡುತ್ತಾರೆ, ಆದರೆ ಕಾಯಿಲೆ ಇದ್ದೂ ಇವು ನಾರ್ಮಲ್ ಬರಬಹುದು. ಈ ಕಾಯಿಲೆಯ ಜೊತೆ ನಂಟಿರುವ ಎಚ್‌ಎಲ್‌ಎ ಬಿ27 ಅನ್ನುವ ಜೀನ್ ಪಾಸಿಟಿವ್ ಬಂದ ಮಾತ್ರಕ್ಕೆ ಹೆದರಬೇಡಿ, ಆ ಜೀನ್ ಇರುವ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ. ಶುರುವಿನ ವರ್ಷಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಎಂಆರ್‌ಐ ಮಾಡಿಸುವುದಾದರೆ ಸೊಂಟದ ಹಿಂಭಾಗದ ಸ್ಯಾಕ್ರೋಇಲಿಯಾಕ್ ಕೀಲಿನದ್ದು ಬೇಕು. ಬರೀ ಬೆನ್ನಿನದ್ದು ಮಾಡಿಸಿ ‘ಏನೂ ಇಲ್ಲ’ ಅಂತ ವಾಪಸ್ ಬರುವವರು ಎಷ್ಟೋ ಜನ.

ಚಿಕಿತ್ಸೆ ಇದೆ. ದಿನವೂ ವ್ಯಾಯಾಮ, ಉರಿಯೂತ ಇಳಿಸುವ ಮಾತ್ರೆ, ಅದು ಸಾಲದಿದ್ದರೆ ಅಡಾಲಿಮುಮ್ಯಾಬ್‌ನಂಥ ಇಂಜೆಕ್ಷನ್‌ಗಳು. ಅವನ್ನು ಶುರುಮಾಡುವ ಮೊದಲು ಟಿಬಿ ಇದೆಯೇ ಅಂತ ಪರೀಕ್ಷೆ ಮಾಡಿಸಲೇಬೇಕು. ಸಿಗರೇಟು ಸೇದುವವರು ಬಿಡಬೇಕು, ಸೇದಿದಷ್ಟೂ ಈ ಕಾಯಿಲೆ ಬೆಳೆಯುತ್ತದೆ.

ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದಿದೆ. ಆಪರೇಷನ್ ಬೇಕಾ?

ಹೆಚ್ಚಿನವರಿಗೆ ಬೇಡ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆಯಲ್ಲಿ, ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ನೋಡಿದ್ದರು. ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37 ಜನರ ಡಿಸ್ಕ್ ಸವೆದಿತ್ತು, ಶೇ. 30 ಜನರ ಡಿಸ್ಕ್ ಉಬ್ಬಿತ್ತು. ಎಂಬತ್ತರಲ್ಲಿ ಅದು ಶೇ. 96 ಮತ್ತು ಶೇ. 84. ಇವರ್ಯಾರಿಗೂ ನೋವಿರಲಿಲ್ಲ. ಹಾಗಾಗಿ ರಿಪೋರ್ಟಿನಲ್ಲಿರುವ ಸಾಲು ಓದಿ ಹೆದರಿ ಓಡಾಡುವುದನ್ನೇ ನಿಲ್ಲಿಸಬೇಡಿ. ನೋವು ಮಂಡಿಯಿಂದ ಕೆಳಗೆ ಪಾದದ ತನಕ ಸೆಳೆಯುತ್ತಿದ್ದರೂ ಬಹುಪಾಲು ಜನರಿಗೆ ಆರರಿಂದ ಹನ್ನೆರಡು ವಾರದಲ್ಲಿ ಆಪರೇಷನ್ ಇಲ್ಲದೆಯೇ ಕಡಿಮೆಯಾಗುತ್ತದೆ. ಹೊರಗೆ ಬಂದ ಡಿಸ್ಕ್ ತಾನಾಗಿಯೇ ಕುಗ್ಗುವುದೂ ಉಂಟು. ಪಾದ ಎತ್ತಲಾಗದಷ್ಟು ಶಕ್ತಿ ಹೋಗುತ್ತಿದ್ದರೆ ಮಾತು ಬೇರೆ, ಆಗ ಕಾಯಬಾರದು.

ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ತೆಗೆದುಕೊಳ್ಳಬಹುದಾ?

ಒಂದೆರಡು ದಿನಕ್ಕೆ ಸರಿ, ತಿಂಗಳುಗಟ್ಟಲೆ ಬೇಡ. ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಸೊಂಟನೋವು ಬಂದ 1,652 ಜನರ ಮೇಲೆ ಪ್ಯಾರಾಸಿಟಮಾಲ್ ಪರೀಕ್ಷಿಸಿದಾಗ ಬರೀ ಹಿಟ್ಟಿನ ಮಾತ್ರೆ ತಿಂದವರಿಗಿಂತ ಬೇಗ ಯಾರೂ ಗುಣವಾಗಲಿಲ್ಲ ಅಂತ 2014ರಲ್ಲಿ ವರದಿಯಾಯಿತು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಸ್ವಲ್ಪ ಕೆಲಸ ಮಾಡುತ್ತವೆ, ಆದರೆ ಹೊಟ್ಟೆಹುಣ್ಣು ಮಾಡುತ್ತವೆ, ಕಿಡ್ನಿಗೆ ಹೊಡೆತ ಕೊಡುತ್ತವೆ, ಬಿಪಿ ಏರಿಸುತ್ತವೆ. ಶುಗರ್, ಬಿಪಿ, ಹೃದಯದ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಮತ್ತು ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಕೊಡುವ, ಒಂದೇ ದಿನದಲ್ಲಿ ಮಾಯ ಮಾಡುವ ಪುಡಿ, ಮಾತ್ರೆಗಳಲ್ಲಿ ಸ್ಟೆರಾಯ್ಡ್ ಇರುವ ಅಪಾಯವಿದೆ. ಏನು ಅಂತ ಗೊತ್ತಿಲ್ಲದ್ದನ್ನು ತಿನ್ನಬೇಡಿ.

ಶಾಖ, ಎಣ್ಣೆ ತಿಕ್ಕುವುದು, ಬೆನ್ನು ತುಳಿಸಿಕೊಳ್ಳುವುದು?

ಶಾಖ ಒಳ್ಳೆಯದು. ಬಿಸಿನೀರಿನ ಬ್ಯಾಗು, ಹುರಿದ ಉಪ್ಪಿನ ಗಂಟು, ಬಿಸಿನೀರಿನ ಸ್ನಾನ ಯಾವುದಾದರೂ ಸರಿ, ಹದಿನೈದು ಇಪ್ಪತ್ತು ನಿಮಿಷ ಸಾಕು. ಬೆಳಿಗ್ಗೆ ಮೊದಲು ಸ್ನಾನ, ಆಮೇಲೆ ಕೆಲಸ ಅನ್ನುವ ಕ್ರಮ ಇಟ್ಟುಕೊಂಡರೆ ಬಹಳ ಜನರಿಗೆ ಹಗುರವಾಗುತ್ತದೆ. ಶುಗರ್‌ನಿಂದ ಸ್ಪರ್ಶ ಕಡಿಮೆಯಾದವರು ಬಿಸಿಯನ್ನು ಬೇರೆಯವರ ಕೈಯಲ್ಲಿ ಮುಟ್ಟಿಸಿ ನೋಡಿ, ಸುಟ್ಟುಕೊಂಡರೂ ಗೊತ್ತಾಗುವುದಿಲ್ಲ. ಎಳ್ಳೆಣ್ಣೆಯೋ ನೀಲಗಿರಿ ಎಣ್ಣೆಯೋ ಹಚ್ಚಿ ಮೃದುವಾಗಿ ತಿಕ್ಕಿಸಿಕೊಂಡರೆ ಹಿತವಾಗುತ್ತದೆ, ತಪ್ಪೇನಿಲ್ಲ.

ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವುದು ಮಾತ್ರ ಬೇಡ. ಐವತ್ತು ದಾಟಿದ ಹೆಂಗಸರಲ್ಲಿ ಮೂಳೆ ಟೊಳ್ಳಾಗಿದ್ದರೆ ಮುರಿದೇ ಹೋಗಬಹುದು. ಉಳುಕು ತೆಗೆಯುತ್ತೇವೆ ಅಂತ ಜಗ್ಗಿ ತಿರುಚುವವರ ಹತ್ತಿರ ಹೋಗುವ ಮೊದಲೂ ಇದನ್ನೇ ಯೋಚಿಸಿ.

ಸೊಂಟಕ್ಕೆ ಬೆಲ್ಟ್? ಪೂರ್ತಿ ಬೆಡ್ ರೆಸ್ಟ್?

ಎರಡೂ ದೀರ್ಘಕಾಲಕ್ಕೆ ಬೇಡ. ಬಹಳ ದಿನದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಬೆಲ್ಟ್ ಮತ್ತು ಎಳೆತದ (ಟ್ರ್ಯಾಕ್ಷನ್) ಚಿಕಿತ್ಸೆಯನ್ನು ವಾಡಿಕೆಯಾಗಿ ಕೊಡಬಾರದು ಅನ್ನುತ್ತದೆ, ವ್ಯಾಯಾಮವನ್ನು ಶಿಫಾರಸು ಮಾಡುತ್ತದೆ. ಮಲಗಿಯೇ ಇದ್ದರೆ ಸ್ನಾಯು ಕರಗುತ್ತದೆ. ತೀರಾ ನೋವಿದ್ದರೆ ಒಂದೆರಡು ದಿನ ಕೆಲಸ ಕಡಿಮೆ ಮಾಡಿ, ಆದರೆ ಮನೆಯೊಳಗಾದರೂ ಓಡಾಡುತ್ತಿರಿ.

ಸಿಸೇರಿಯನ್ ಟೈಮಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಲೇ ಈ ನೋವಾ?

ನಮ್ಮಲ್ಲಿ ಈ ನಂಬಿಕೆ ಎಷ್ಟು ಗಟ್ಟಿ ಅಂದರೆ ಹೆರಿಗೆಯಾಗಿ ಹತ್ತು ವರ್ಷ ಕಳೆದರೂ ಆ ಸೂಜಿಯನ್ನೇ ಬೈಯುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೇ. ವರ್ಷಗಟ್ಟಲೆ ಉಳಿಯುವ ಬೆನ್ನುನೋವಿಗೆ ಅದು ಕಾರಣ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮಾಮೂಲಿ ಹೆರಿಗೆಯಾದವರಿಗೂ ಈ ನೋವು ಬರುತ್ತದೆ. ಒಂಬತ್ತು ತಿಂಗಳಲ್ಲಿ ಹೊಟ್ಟೆಯ ಸ್ನಾಯು ಹಿಗ್ಗಿರುತ್ತದೆ, ಸೊಂಟದ ಬಂಧಗಳು ಸಡಿಲವಾಗಿರುತ್ತವೆ, ರಾತ್ರಿಯಿಡೀ ಗೂನು ಮಾಡಿಕೊಂಡು ಕೂತು ಮಗುವಿಗೆ ಹಾಲು ಕುಡಿಸಿರುತ್ತಾರೆ, ನಿದ್ದೆ ಇರುವುದಿಲ್ಲ. ಮೇಲೆ ಬಾಣಂತನದ ಹೆಸರಿನಲ್ಲಿ ತಿಂಗಳುಗಟ್ಟಲೆ ಮಲಗಿಸಿಯೇ ಇಟ್ಟರೆ ಉಳಿದ ಶಕ್ತಿಯೂ ಹೋಗುತ್ತದೆ.

ಮಡಿಲಿಗೆ ದಿಂಬು ಇಟ್ಟು ಮಗುವನ್ನು ಎದೆಯ ಎತ್ತರಕ್ಕೆ ತನ್ನಿ, ಬೆನ್ನಿಗೆ ಒರಗಲು ಗೋಡೆ ಅಥವಾ ಕುರ್ಚಿ ಇರಲಿ. ಮನೆಯೊಳಗೆ ದಿನಾ ನಡೆಯಿರಿ. ಡಾಕ್ಟರು ಒಪ್ಪಿದ ಮೇಲೆ ಹೊಟ್ಟೆ, ಬೆನ್ನಿನ ಸ್ನಾಯುಗಳಿಗೆ ಹಗುರವಾದ ವ್ಯಾಯಾಮ ಶುರುಮಾಡಿ. ಮತ್ತೆ ಮನೆಯವರೇ, ರಾತ್ರಿ ಒಮ್ಮೆಯಾದರೂ ಮಗುವನ್ನು ನೀವು ಎತ್ತಿಕೊಳ್ಳಿ.

ಗರ್ಭಿಣಿಯರಿಗೆ?

ಏಳನೇ ತಿಂಗಳ ನಂತರ ಅಂಗಾತ ಮಲಗುವ ಬದಲು ಮಗ್ಗುಲಾಗಿ ಮಲಗಬೇಕು, ಮಂಡಿಗಳ ನಡುವೆ ಒಂದು, ಹೊಟ್ಟೆಯ ಕೆಳಗೆ ಇನ್ನೊಂದು ದಿಂಬು. ಸೊಂಟನೋವು ಬಿಟ್ಟು ಬಿಟ್ಟು ಅಲೆಯಂತೆ ಬರುತ್ತಿದ್ದರೆ ಅಥವಾ ನೀರು, ರಕ್ತ ಹೋಗುತ್ತಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಅಮ್ಮನಿಗೆ ಅರವತ್ತೈದು. ಎಲ್ಲೂ ಬಿದ್ದಿಲ್ಲ, ಆದರೂ ಒಂದು ದಿನ ಬೆಳಿಗ್ಗೆಯಿಂದ ಜೋರು ಬೆನ್ನುನೋವು.

ಒಂದು ಎಕ್ಸ್‌ರೇ ಮಾಡಿಸಿ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುತ್ತದೆ, ಬಕೆಟ್ ಎತ್ತಿದ್ದಕ್ಕೆ, ಕೆಮ್ಮಿದ್ದಕ್ಕೆ ಕೂಡ ಬೆನ್ನಿನ ಮೂಳೆ ಕುಸಿಯಬಹುದು. ಹಿರಿಯರು ಕುಳ್ಳಗಾಗುತ್ತ, ಬೆನ್ನು ಗೂನಾಗುತ್ತ ಬರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಡೆಕ್ಸಾ ಅನ್ನುವ ಸ್ಕ್ಯಾನ್‌ನಲ್ಲಿ ಮೂಳೆಯ ಸಾಂದ್ರತೆ ಗೊತ್ತಾಗುತ್ತದೆ, ಮುಂದಿನ ಮುರಿತ ತಡೆಯಲು ಔಷಧಿಗಳಿವೆ. ವಿಟಮಿನ್ ಡಿ ಕೂಡ ನೋಡಿಸಿ. ನಮ್ಮಲ್ಲಿ ಇಷ್ಟು ಬಿಸಿಲಿದ್ದರೂ ಅದರ ಕೊರತೆ ತುಂಬ ಜನರಿಗಿದೆ. ಪರೀಕ್ಷೆ ಇಲ್ಲದೆ ಮೇಲಿಂದ ಮೇಲೆ ಡಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ, ಜಾಸ್ತಿಯಾದರೂ ತೊಂದರೆಯೇ.

ಕಿಡ್ನಿ ಕಲ್ಲಿನ ನೋವು ಇರಬಹುದಾ?

ಕಲ್ಲಿನ ನೋವಿಗೆ ಬೆಳಿಗ್ಗೆ ಸಂಜೆ ಅಂತಿಲ್ಲ. ಪಕ್ಕೆಯಲ್ಲಿ ಒಂದೇ ಕಡೆ ಶುರುವಾಗಿ ತೊಡೆಸಂಧಿಗೆ ಇಳಿಯುತ್ತದೆ, ಹೇಗೆ ಮಲಗಿದರೂ ಕೂತರೂ ಸಮಾಧಾನವಿರುವುದಿಲ್ಲ, ವಾಂತಿ ಬರಬಹುದು, ಮೂತ್ರ ಕೆಂಪಾಗಬಹುದು. ಬಗ್ಗಿದರೆ ಜಾಸ್ತಿ, ನಿಂತರೆ ಕಡಿಮೆ ಅನ್ನುವ ನೋವು ಸಾಮಾನ್ಯವಾಗಿ ಬೆನ್ನಿನದೇ.

ಯಾವಾಗ ಒಂದು ದಿನವೂ ಕಾಯಬಾರದು?

ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋಗುತ್ತಿದ್ದರೆ, ತೊಡೆಯ ಒಳಭಾಗ ಮತ್ತು ಕೂತಾಗ ನೆಲಕ್ಕೆ ತಾಗುವ ಭಾಗ ಜೋಮು ಹಿಡಿದಿದ್ದರೆ, ಎರಡೂ ಕಾಲು ಸೋತಂತಾದರೆ ಅದೇ ಹೊತ್ತಿಗೆ ದೊಡ್ಡ ಆಸ್ಪತ್ರೆಗೆ ಹೋಗಿ. ನರಗಳ ಗೊಂಚಲು ಒತ್ತಿಹೋಗಿರುತ್ತದೆ, ತಡವಾದರೆ ಮೂತ್ರದ ಹಿಡಿತ ಮತ್ತೆ ಬರದೆಯೂ ಹೋಗಬಹುದು.

ಇನ್ನು ಕೆಲವನ್ನು ಈ ವಾರದೊಳಗೆ ತೋರಿಸಿ. ಸಂಜೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಬೆನ್ನುನೋವಿನ ಜೊತೆಗಿದ್ದರೆ ಬೆನ್ನುಮೂಳೆಯ ಟಿಬಿ ಇರಬಹುದು. ಟಿಬಿ ಶ್ವಾಸಕೋಶಕ್ಕೆ ಮಾತ್ರ ಬರುವುದು ಅಂತ ಬಹಳ ಜನ ತಿಳಿದಿದ್ದಾರೆ, ಬೆನ್ನಿಗೂ ಬರುತ್ತದೆ, ಕೆಮ್ಮು ಇಲ್ಲದೆಯೂ ಬರುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧಿ ಉಚಿತ. ಮೊದಲು ಕ್ಯಾನ್ಸರ್ ಆಗಿದ್ದವರು, ಸ್ಟೆರಾಯ್ಡ್ ಬಹಳ ಕಾಲ ತೆಗೆದುಕೊಂಡವರು, ಬಿದ್ದು ಪೆಟ್ಟಾದವರು, ಯಾವ ಭಂಗಿಯಲ್ಲೂ ಇಳಿಯದ ರಾತ್ರಿ ನೋವಿರುವವರು ಕೂಡ ಬೇಗ ಹೋಗಬೇಕು.

ಡಾಕ್ಟರ ಹತ್ತಿರ ಹೋದಾಗ ಏನು ಹೇಳಬೇಕು?

ಅಲ್ಲಿ ಸಿಗುವುದೇ ಐದು ನಿಮಿಷ. ‘ಬೆನ್ನುನೋವು ಡಾಕ್ಟ್ರೇ’ ಅಂತ ಮಾತ್ರ ಹೇಳಿದರೆ ಮಾತ್ರೆ ಬರೆದುಕೊಟ್ಟು ಕಳಿಸುತ್ತಾರೆ. ಒಂದು ವಾರ ಮೊದಲಿಂದ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎದ್ದದ್ದು ಎಷ್ಟು ಗಂಟೆಗೆ, ಬೆನ್ನು ಸಡಿಲವಾದದ್ದು ಎಷ್ಟು ಗಂಟೆಗೆ. ರಾತ್ರಿ ನೋವಿಗೆ ಎಚ್ಚರವಾಯಿತೇ. ಕೂತರೆ ಜಾಸ್ತಿಯೋ ನಡೆದರೆ ಜಾಸ್ತಿಯೋ. ಕಾಲಿಗೆ ಇಳಿಯುತ್ತದೆಯೇ, ಇಳಿದರೆ ಮಂಡಿ ತನಕವೋ ಪಾದದ ತನಕವೋ. ಕಣ್ಣು, ಚರ್ಮ, ಹೊಟ್ಟೆಯ ತೊಂದರೆ ಏನಾದರೂ ಇದೆಯೇ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನು, ನಾಟಿ ಔಷಧಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹಳೆಯ ಎಕ್ಸ್‌ರೇ, ರಕ್ತಪರೀಕ್ಷೆಯ ರಿಪೋರ್ಟುಗಳಿದ್ದರೆ ಅವೂ ಜೊತೆಗಿರಲಿ, ಇಲ್ಲದಿದ್ದರೆ ಅದೇ ಪರೀಕ್ಷೆಗೆ ಮತ್ತೆ ದುಡ್ಡು ಕಟ್ಟಬೇಕಾಗುತ್ತದೆ.